ದಾರಿಯ ನಡುವೆ ನೆಟ್ಟ ಹೆಸರು

ಮಧ್ಯ ಜಾವಾದ ಗ್ರಾಮಾಂತರ ಆರೋಗ್ಯಸೇವೆಯ ಚರಿತ್ರೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಲು ಕುಳಿತರೆ, ಅದರಲ್ಲಿ ಮಂತ್ರಿಮಹೋದಯರ ಭೇಟಿಗಳಿಗೂ ಕಟ್ಟಡಗಳ ಉದ್ಘಾಟನೆಗಳಿಗೂ ಸಲ್ಲಬೇಕಾದ ಪುಟಗಳೆಲ್ಲ ಸಂದ ಮೇಲಾದರೂ, ಕಾಲಿಸಾವೊ ಆರೋಗ್ಯ ಕೇಂದ್ರದ ಹಿರಿಯ ಶುಶ್ರೂಷಕಿ ಶ್ರೀಮತಿ ವುರ್ಯಾನಿಂಗ್ಸಿಹ್ ಅವರಿಗೆ ಒಂದು ಅಧ್ಯಾಯವನ್ನು ಬಿಟ್ಟುಕೊಡಲೇಬೇಕಾಗುತ್ತದೆ. ಗುಳಿಗೆ ಕೊಡುವವರು, ಸೂಜಿ ಚುಚ್ಚುವವರು, ಚೀಟಿ ಬರೆಯುವವರು ನಮ್ಮ ಕ್ಷೇತ್ರದಲ್ಲಿ ಬೇಕಾದಷ್ಟು ಜನರಿದ್ದಾರೆ. ಮನುಷ್ಯನಾದವನು ದಿನಕ್ಕೊಂದು ಸಲವಾದರೂ ತನ್ನ ಕಾಲ ಮೇಲೆ ತಾನು ನಡೆಯಬೇಕು ಎಂಬ ಒಂದೇ ಮಾತನ್ನು ಹಿಡಿದು, ಅದಕ್ಕಾಗಿ ನಗೆಪಾಟಲಾಗಿ, ಅದಕ್ಕಾಗಿಯೇ ಮೇಲಧಿಕಾರಿಗಳ ಕೆಂಗಣ್ಣಿಗೂ ಗುರಿಯಾಗಿ, ಕೊನೆಗೆ ಒಂದು ಊರಿನ ಮುದುಕಿಯರನ್ನಾದರೂ ಎಬ್ಬಿಸಿ ನಡೆಸಿದವರು ಅವರೊಬ್ಬರೇ. ಊರಿಗೆಲ್ಲ ಅವರು 'ಬು ವುರ್', ಅಂದರೆ ವುರಮ್ಮ. ಅದೇ ಕೇಂದ್ರದಲ್ಲಿ ಅವರ ಜೊತೆ ದುಡಿದ ನಾನು ಈ ಲೇಖನದಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಭಿನಂದನ ಸಮಿತಿಯವರು ತಮ್ಮ ಗ್ರಂಥಕ್ಕೆ ಈ ಲೇಖನವನ್ನು ಕೇಳುವಾಗ, ಸ್ವಲ್ಪ ಸಿಹಿಯಾಗಿ ಬರೆಯಿರಿ ಎಂದು ಹೇಳಿಕಳಿಸಿದ್ದರು. ಊರಿನ ಸಕ್ಕರೆ ಕಾಯಿಲೆಯ ಜೊತೆ ಜೀವಮಾನವಿಡೀ ಗುದ್ದಾಡಿದವರ ಬಗ್ಗೆ ಸಿಹಿಯಾಗಿ ಬರೆಯುವುದು ಹೇಗೋ ನನಗೆ ತಿಳಿಯದು. ಅಲ್ಲದೆ, ಅವರ ನಿವೃತ್ತಿಯ ನೆಪದಲ್ಲಿ ಇದೇ ಊರು ಮಾಡಹೊರಟಿದ್ದ ಒಂದು ಘನಕಾರ್ಯವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಾಲುವೆಯ ಏರಿಯ ಮೇಲಿನ ಕಾಲುದಾರಿ ಅವರು ಹಠ ಹಿಡಿದು ಉಳಿಸಿಕೊಂಡು ಬಂದದ್ದು. ಊರಿನ ವಯಸ್ಸಾದ ಹೆಂಗಸರು ದಿನಾ ಬೆಳಿಗ್ಗೆ ನಡೆಯಲು ಇರುವುದು ಅದೊಂದೇ ದಾರಿ. ಅದಕ್ಕೆ ಕಟ್ಟಿದ್ದ ಬಿದಿರಿನ ತಡೆಯನ್ನು ಕಿತ್ತೊಗೆದು, ಬೈಕುಗಳಿಗೆ ತೆರೆದುಕೊಟ್ಟು, 'ಬು ವುರ್ಯಾನಿಂಗ್ಸಿಹ್ ರಸ್ತೆ' ಎಂದು ಹೆಸರಿಡುವುದಾಗಿ ನಮ್ಮ ಹಿರಿಯರು ತೀರ್ಮಾನಿಸಿದ್ದರು. ಇದು ಸನ್ಮಾನವಂತೆ! ಮನೆಗೆ ಬೆಂಕಿ ಇಟ್ಟು, ಆ ಬೆಳಕಿನಲ್ಲಿ ಮನೆಯೊಡತಿಗೆ ಆರತಿ ಎತ್ತಿದ ಹಾಗೆ. ಆ ಸನ್ಮಾನದ ಗತಿ ಏನಾಯಿತು ಎಂಬುದನ್ನು ಹೇಳದೆ ಈ ಲೇಖನ ಮುಗಿಯಲಾರದು. ಅದನ್ನು ಹೇಳಬೇಕಾದರೆ ಮೊದಲಿನಿಂದ ಬರಬೇಕು.

ಬು ವುರ್ ಶುಶ್ರೂಷಾ ಶಾಲೆ ಮುಗಿಸಿ ಕಾಲಿಸಾವೊಗೆ ಬಂದಾಗ ಇಲ್ಲಿ ವ್ಯಾಯಾಮ ಎಂಬ ಮಾತೇ ಇರಲಿಲ್ಲ, ಏಕೆಂದರೆ ಅದರ ಅಗತ್ಯವಿರಲಿಲ್ಲ. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ಹಳ್ಳಿಯಿಂದ ಹಳ್ಳಿಗೆ ಅವರು ನಡೆಯುತ್ತಿದ್ದರು. ಅವರ ಮುಂದೆ ಬುಟ್ಟಿಯನ್ನು ಬಟ್ಟೆಯಲ್ಲಿ ಬೆನ್ನಿಗೆ ಬಿಗಿದುಕೊಂಡ ಹೆಂಗಸರು ಸಂತೆಗೆ ನಡೆಯುತ್ತಿದ್ದರು. ಅವರ ಹಿಂದೆ ಮೇಷ್ಟರು ಶಾಲೆಗೆ ನಡೆಯುತ್ತಿದ್ದರು. ಆಮೇಲೆ ಕಂತಿನ ಮೇಲೆ ಬೈಕು ಬಂತು. ಬಂದದ್ದು ತಪ್ಪೆಂದು ಬು ವುರ್ ಎಂದೂ ಹೇಳಿದವರಲ್ಲ. ಹೆರಿಗೆ ನೋವಿನ ಹೆಂಗಸನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದವರಲ್ಲಿ ಅವರೂ ಒಬ್ಬರು. ಆದರೆ ಮೂರು ಮನೆ ಆಚೆಯ ಅಂಗಡಿಗೆ ಬೈಕು, ಎದುರಿನ ನಮಾಜಿನ ಮನೆಗೆ ಬೈಕು, ಪಕ್ಕದ ಮನೆಯಿಂದ ತಂದ ಗಾಜಿನ ಲೋಟ ಹಿಂತಿರುಗಿಸಲಿಕ್ಕೂ ಬೈಕು ಎಂದಾದಾಗ ಅವರಿಗೆ ದಿಗಿಲಾಯಿತು. ಹಿಂದೆ ಜ್ವರ ಭೇದಿಗಳಿಗೆ ಬರುತ್ತಿದ್ದ ಜನ ಈಗ ಕೊಬ್ಬು, ಸಕ್ಕರೆ, ಒತ್ತಡ ಎಂದು ಆರೋಗ್ಯ ಕೇಂದ್ರದ ಬೆಂಚುಗಳ ಮೇಲೆ ಸಾಲಾಗಿ ಕೂರತೊಡಗಿದರು. ಕೇಂದ್ರದ ಅಂಗಳದಲ್ಲಿ ಅವರ ಬೈಕುಗಳೂ ಸಾಲಾಗಿ ನಿಲ್ಲತೊಡಗಿದವು.

ಇದಕ್ಕೆ ನಮ್ಮ ಅಧಿಕಾರಿವರ್ಗ ಕಂಡುಕೊಂಡ ಮದ್ದು ಏನು? ಶುಕ್ರವಾರದ ಸಾಮೂಹಿಕ ವ್ಯಾಯಾಮ. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಎದೆ ನಡುಗಿಸುವ ಧ್ವನಿವರ್ಧಕ, ವೇದಿಕೆಯ ಮೇಲೆ ಕುಣಿಯುವ ಶಿಕ್ಷಕಿ, ಮುಂದಿನ ಸಾಲಿನಲ್ಲಿ ದೊಡ್ಡವರು, ಹಿಂದಿನ ಸಾಲಿನಲ್ಲಿ ಕೈಯನ್ನಷ್ಟೇ ಆಡಿಸುತ್ತ ಹರಟುವ ನಮ್ಮಂಥವರು. ಫೋಟೋ ಮುಗಿಯುತ್ತಲೇ ತಿಂಡಿಯ ಪೆಟ್ಟಿಗೆ: ಎಣ್ಣೆಯಲ್ಲಿ ಕರಿದ ಟೆಂಪೆ ಎಂಬ ಹುದುಗಿಸಿದ ಸೋಯಾ ಬಿಲ್ಲೆ, ಎಣ್ಣೆಯಲ್ಲಿ ಕರಿದ ಬಾಳೆಹಣ್ಣು, ಮೇಲೆ ಸಕ್ಕರೆ ಕದಡಿದ ಚಹಾ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಆ ಪೆಟ್ಟಿಗೆಯನ್ನಾದರೂ ನಿಲ್ಲಿಸಿ ಎಂದು ಬು ವುರ್ ಕೇಂದ್ರದ ಅಂದಿನ ಮುಖ್ಯಸ್ಥರ ಮುಂದೆ ನಿಂತರೆ, ತಿಂಡಿಯಿಲ್ಲದಿದ್ದರೆ ಯಾರು ಬರುತ್ತಾರೆ ಎಂದು ಅವರು ನಕ್ಕು ಕಳಿಸಿದರು. ವಾರಕ್ಕೊಮ್ಮೆ ಫೋಟೋಗಾಗಿ ಕೈ ಎತ್ತಿದರೆ ಉಳಿದ ದಿನಗಳ ಕುಳಿತ ಪಾಪ ತೊಳೆದುಹೋಗುತ್ತದೆಂದು ನಂಬಿದ ಇಲಾಖೆಗೆ ಯಾರು ಏನು ಹೇಳಬಲ್ಲರು?

ಇದಕ್ಕೂ ಮಿಗಿಲಾದದ್ದು 'ಆರೋಗ್ಯ ನಡಿಗೆ'. ಸ್ವಾತಂತ್ರ್ಯೋತ್ಸವದ ತಿಂಗಳಲ್ಲಿ ಊರೆಲ್ಲ ಸೇರಿ ಒಂದು ದಿನ ನಡೆಯುವುದು, ನಡೆದವರಿಗೆಲ್ಲ ಚೀಟಿ, ಚೀಟಿ ಎತ್ತಿದಾಗ ಅದೃಷ್ಟವಂತರಿಗೆ ಬಹುಮಾನ. ಮೊದಲನೆಯ ಬಹುಮಾನ ಏನೆಂದುಕೊಂಡಿರಿ? ಬೈಕು! ನಡೆದವರಿಗೆ, ಇನ್ನು ಮೇಲೆ ನಡೆಯದಿರುವ ಸೌಕರ್ಯವೇ ಬಹುಮಾನ. ಇಡೀ ಜಾವಾದಲ್ಲಿ ಇದನ್ನು ನೋಡಿ ನಕ್ಕವರನ್ನು ನಾನು ಕಾಣೆ. ಸಿಟ್ಟಾದವರೊಬ್ಬರನ್ನು ಮಾತ್ರ ಕಂಡೆ. ಒಂದು ವರ್ಷ ಆ ಬೈಕು ಸಾರಿಂತೆನ್ ಅಜ್ಜಿಗೆ ಬಂತು. ಅಜ್ಜಿ ಮನೆಯಲ್ಲಿ ಟೆಂಪೆ ಮಾಡಿ, ಬೆಳಗಿನ ನಮಾಜು ಮುಗಿಸಿ, ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಂತೆಗೆ ನಡೆದು ಹೋಗುವವರು. ಬಿದಿರಿನ ಹಾಗೆ ನೆಟ್ಟಗೆ ಇದ್ದರು. ಬೈಕು ಬಂದ ಮರುದಿನದಿಂದ ಅಳಿಯ ಅವರನ್ನು ಹಿಂದೆ ಕೂರಿಸಿಕೊಂಡು ಹೋಗತೊಡಗಿದ. ಮನೆಯಲ್ಲಿ ಬೈಕು ಇಟ್ಟುಕೊಂಡು ಮುದುಕಿಯನ್ನು ನಡೆಸುತ್ತಾನೆ ಎಂದು ಜನ ಆಡಿಕೊಳ್ಳಬಾರದಲ್ಲ! ಪಾಪ, ಒಳ್ಳೆಯ ಮನುಷ್ಯ, ಅತ್ತೆಯ ಮೇಲೆ ಪ್ರಾಣ. ಆ ಪ್ರೀತಿಯಲ್ಲೇ ಅಜ್ಜಿಯ ಮೊಣಕಾಲು ಬಿಗಿಯಿತು, ಮೈ ಭಾರವಾಯಿತು, ಸಕ್ಕರೆ ಕಾಣಿಸಿಕೊಂಡಿತು. ಅಜ್ಜಿ ನಮ್ಮ ಬೆಂಚಿನ ಸಾಲಿಗೆ ಬಂದು ಸೇರಿದರು.

ಬು ವುರ್ ಅಂದೇ ತಾವೂ ಬೈಕು ಬಿಟ್ಟು ಮನೆಯಿಂದ ಕೇಂದ್ರಕ್ಕೆ ನಡೆದುಬರಲು ನಿಶ್ಚಯಿಸಿದರು. ತಾವು ನಡೆಯದೆ ಇತರರಿಗೆ ನಡೆ ಎಂದು ಹೇಳಲು ಅವರಿಂದಾಗಲಿಲ್ಲ. ಆದರೆ ನಮ್ಮ ಊರಿನಲ್ಲಿ ನಡೆಯುವುದೆಂದರೆ ಸುಲಭದ ಮಾತೇ? ಮೊದಲ ದಿನ ಕಂಡಕಂಡವರೆಲ್ಲ ಬೈಕು ನಿಲ್ಲಿಸಿ ಹತ್ತಿ ಎಂದರು. ಬೇಡವೆಂದರೆ ಮುಖ ಸಣ್ಣಗೆ ಮಾಡಿಕೊಂಡರು. ಎರಡನೆಯ ದಿನ ಬೈಕು ಕೆಟ್ಟಿತೇ ಎಂದು ವಿಚಾರಿಸಿದರು. ವಾರ ತುಂಬುವುದರೊಳಗೆ ಗಂಡಹೆಂಡಿರಿಗೆ ಜಗಳವಾಗಿದೆಯೆಂದು ಊರೆಲ್ಲ ಸುದ್ದಿಯಾಗಿ, ಅವರ ಯಜಮಾನರಾದ ಪಾಕ್ ಮುಜಿಯೊ, ಅಂದರೆ ಮುಜಿಯೊ ಅಪ್ಪ, ಅವರನ್ನು ಸಮಾಧಾನಪಡಿಸಲು ಇಬ್ಬರು ಹಿರಿಯರು ಮನೆಗೇ ಬಂದರು. ಬಂದವರಿಗೆ ಚಹಾ ಕೊಟ್ಟು, ಜಗಳವಿಲ್ಲ, ಅವಳಿಗೆ ಕಾಲು ಇವೆ ಅಷ್ಟೇ ಎಂದು ಪಾಕ್ ಮುಜಿಯೊ ಹೇಳಿದ್ದನ್ನು ಊರು ಇಂದಿಗೂ ನೆನೆಯುತ್ತದೆ. ಆ ಮನುಷ್ಯನಿಗೂ ಈ ಗ್ರಂಥದಲ್ಲಿ ಒಂದು ನಮಸ್ಕಾರ ಸಲ್ಲಬೇಕು.

ಸಾರಿಂತೆನ್ ಅಜ್ಜಿಯನ್ನೂ ಅವರಂಥ ಇನ್ನೂ ಕೆಲವರನ್ನೂ ಬು ವುರ್ ಗದರಿಸಿ, ಪುಸಲಾಯಿಸಿ, ಬೆಳಿಗ್ಗೆ ಸಂತೆಯ ತನಕ ನಡೆದುಬರಲು ಒಪ್ಪಿಸಿದರು. ಕೆಲವು ವಾರ ಕಳೆದು ಪರೀಕ್ಷಿಸಿದರೆ ಇಳಿಯಬೇಕಾದ ಸಕ್ಕರೆ ಏರಿ ಕುಳಿತಿತ್ತು. ಕೇಂದ್ರದ ವೈದ್ಯರು ನಕ್ಕರು; ಗುಳಿಗೆ ಹೆಚ್ಚಿಸಿದರು. ಬು ವುರ್ ಅವರಿಗೆ ಅವಮಾನದಿಂದ ಕಣ್ಣು ತುಂಬಿಬಂತು. ಕದ್ದು ತಿನ್ನುತ್ತೀರಾ ಎಂದು ಅಜ್ಜಿಯನ್ನು ಬೈದರು. ಅಜ್ಜಿ ದೇವರಾಣೆ ಇಲ್ಲವೆಂದರು. ಮರುದಿನ ಬೆಳಿಗ್ಗೆ ಬು ವುರ್ ತಾವೇ ಅಜ್ಜಿಯ ಜೊತೆ ಹೊರಟರು.

ಮೊದಲ ಮನೆಯ ಜಗಲಿಯಿಂದಲೇ ಕರೆ ಬಂತು, ಬನ್ನಿ, ಕೂತು ಹೋಗಿ. ನಮ್ಮಲ್ಲಿ ಹಾದುಹೋಗುವವರನ್ನು ಕರೆಯದಿರುವುದು ಮನೆಯವರಿಗೆ ಕುಂದು. ಕರೆದಾಗ ಕೂರದೆ ಹೋಗುವುದು ಹೋಗುವವರ ಸೊಕ್ಕು. ಕೂತರೆ ಚಹಾ ಬರಲೇಬೇಕು; ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಮನೆಯವರು ಜುಗ್ಗರು; ಲೋಟ ಅರ್ಧಕ್ಕೆ ಬಿಟ್ಟರೆ ಕುಡಿದವರು ಒರಟರು. ಬೈಕಿನಲ್ಲಿ ಭರ್ರೆಂದು ಹೋಗುವವರಿಗೆ ಈ ಬಾಧೆಯಿಲ್ಲ, ನಡೆಯುವವರಿಗೆ ಮಾತ್ರ. ಸಂತೆ ಮುಟ್ಟುವುದರೊಳಗೆ ಅಜ್ಜಿ ಎಷ್ಟು ಲೋಟ ಚಹಾ, ಎಷ್ಟು ಕರಿದ ಬಾಳೆಹಣ್ಣು ಮುಗಿಸಿದ್ದರೆಂದು ಹೇಳಿದರೆ ನೀವು ನಂಬುವುದಿಲ್ಲ. ಅಲ್ಲಿಂದ ಹಿಂದಿರುಗುವಾಗ ಪರಿಚಯದವರೊಬ್ಬರು ಬೈಕು ನಿಲ್ಲಿಸಿದರು. ಅಜ್ಜಿ ಹತ್ತಿ ಕೂತೇಬಿಡುವುದರಲ್ಲಿದ್ದರು, ಬು ವುರ್ ತೋಳು ಹಿಡಿದು ಇಳಿಸಿದರು.

"ಇದು ನಡಿಗೆ ಅಲ್ಲ ಅಜ್ಜಿ, ಚಹಾದ ಮೆರವಣಿಗೆ. ಒಂದ್ಸಲ ಬೇಡ ಅನ್ನೋಕೆ ಬಾಯಿ ಬರಲ್ವಾ ನಿಮಗೆ?"

"ಕರೆದಾಗ ಹೋಗದೆ ಇದ್ರೆ ನಾಳೆ ನಾನು ಸತ್ತಾಗ ಹೊರೋಕೆ ಯಾರು ಬರ್ತಾರೆ, ಬು? ನೀವೊಬ್ರೇ ಹೊತ್ಕೊಂಡು ಹೋಗ್ತೀರಾ?"

ಮುದುಕಿಯರಿಗೆ ನೆರೆಹೊರೆಯನ್ನು ಬಿಟ್ಟು ಆರೋಗ್ಯ ಬೇಡ, ಅದು ನ್ಯಾಯವೂ ಹೌದು. ಹಾಗಾದರೆ ಊರಿನ ಪದ್ಧತಿಯ ಒಳಗೇ, ಕೂರದೆ ನಡೆಯುವ ದಾರಿಯೊಂದನ್ನು ಹುಡುಕಬೇಕಿತ್ತು. ಬು ವುರ್ ಹುಡುಕಿದರು. ಮನೆಯಲ್ಲಿ ಒಳ್ಳೆಯದು ಕೆಟ್ಟದು ಏನು ನಡೆದರೂ ನೆರೆಯವರಿಗೆ ಊಟ ಕಳಿಸುವುದು ನಮ್ಮಲ್ಲಿ ಇದ್ದೇ ಇದೆ. ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು ಹೊರಟವರನ್ನು ಜಗಲಿಗೆ ಕರೆಯುವವರು ಯಾರೂ ಇಲ್ಲ. ಅನ್ನ ಆರುತ್ತದೆ, ಕಾಯುತ್ತಿರುವವರ ಹೊಟ್ಟೆ ಚುರುಗುಟ್ಟುತ್ತದೆ, ಹೋಗಿ ಬನ್ನಿ ಎಂದು ಕೈಬೀಸಿ ಬಿಡುತ್ತಾರೆ. ಮರುದಿನದಿಂದ ಬು ವುರ್ ತಮ್ಮ ಹೆಂಗಸರ ಕೈಗೆಲ್ಲ ಒಂದೊಂದು ಕ್ಯಾರಿಯರ್ ಕೊಡಿಸಿದರು, ಖಾಲಿಯದು. ಬೈಕಿನವರ ಕಾಟ ತಪ್ಪಿಸಲು ದಾರಿಯನ್ನೂ ಬದಲಿಸಿದರು. ಮನೆಗಳ ಹಿತ್ತಿಲ ಜಗಲಿಗಳ ಮುಂದೆ ಹಾದು ಸಂತೆಗೆ ಹೋಗುವ ಕಾಲುವೆಯ ಏರಿ ಆಗ ಬರೀ ಮಣ್ಣು ಹುಲ್ಲು. ಅದರ ಮೇಲೆ ಬೈಕು ಬರುತ್ತಿರಲಿಲ್ಲ. ಉಪಾಯ ಫಲಿಸಿತು. ತಿಂಗಳೊಪ್ಪತ್ತಿನಲ್ಲಿ ಸಕ್ಕರೆ ಇಳಿಯಿತು. ಬು ವುರ್ ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ ಹಾಡು ಗುನುಗಿಕೊಂಡು ಓಡಾಡಿದ್ದನ್ನು ನಾವೆಲ್ಲ ನೋಡಿದೆವು.

ಆದರೆ ಖಾಲಿ ಕ್ಯಾರಿಯರ್ ಎಷ್ಟು ದಿನ ನಡೆದೀತು? ಒಂದು ಬೆಳಿಗ್ಗೆ ಯಾರೋ ಜಗಲಿಯಿಂದ ಯಾರ ಮನೆಗೆ ಎಂದು ಕೇಳಿದರು. ಸಾರಿಂತೆನ್ ಅಜ್ಜಿಗೆ ತಟ್ಟನೆ ಬಾಯಿಗೆ ಬಂದದ್ದು ಪಾಕ್ ವಾಗೆಯವರ ಹೆಸರು. ಪಾಕ್ ವಾಗೆ ಒಂದು ಕಾಲಕ್ಕೆ ಮದುವೆ ಮನೆಗಳ ವಾದ್ಯಮೇಳದಲ್ಲಿ ಗಾಂಗ್ ಎಂಬ ದೊಡ್ಡ ಜಾಗಟೆ ಬಾರಿಸುತ್ತಿದ್ದವರು. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಅವರ ಮನೆಗೆ ಜನ ಹೋಗುವುದು ನಿಂತುಹೋಗಿತ್ತು. ಸುದ್ದಿ ಅಜ್ಜಿಗಿಂತ ಮುಂಚೆ ಅವರ ಮನೆ ಮುಟ್ಟಿತು. ಹೆಂಡತಿ ತಟ್ಟೆ ತೊಳೆದಿಟ್ಟರು. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ಹಿತ್ತಿಲಿನ ಬಾಳೆಗೊನೆಯಿಂದ ಒಂದು ಚಿಪ್ಪು ಕೊಯ್ದು ತಯಾರಾಗಿಟ್ಟರು. ಗಂಡನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಮಧ್ಯಾಹ್ನದ ತನಕ ಕಾದರು.

ಮುಂದಿನ ಸಲ ಔಷಧಿಗೆಂದು ಬಂದಾಗ ಆ ಹೆಂಗಸು ಬು ವುರ್ ಅವರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ನಮ್ಮಿಂದ ಏನಾದ್ರೂ ತಪ್ಪಾಯ್ತಾ, ಬು? ಊಟ ನಮ್ಮನೆವರೆಗೂ ಬರ್ಲೇ ಇಲ್ಲ."

ಊರಿನ ಮೇಲೆ, ಇಲಾಖೆಯ ಮೇಲೆ, ಬೈಕುಗಳ ಮೇಲೆ ಅಷ್ಟು ವರ್ಷ ಉರಿದ ಸಿಟ್ಟೆಲ್ಲ ಅಂದು ಬು ವುರ್ ಅವರ ಮೇಲೇ ತಿರುಗಿತು. ಮರುದಿನ ಬೆಳಿಗ್ಗೆ ಅನ್ನ, ಬೇಯಿಸಿದ ಸೊಪ್ಪು, ಎಣ್ಣೆಯಿಲ್ಲದೆ ಮಾಡಿದ ಟೆಂಪೆಯ ಸಾರು ತುಂಬಿಸಿಕೊಂಡು, ಸಾರಿಂತೆನ್ ಅಜ್ಜಿಯನ್ನೂ ಕರೆದುಕೊಂಡು, ಏರಿಯ ಮೇಲೆ ನಡೆದು ಪಾಕ್ ವಾಗೆಯವರ ಮನೆಗೆ ಹೋದರು. ಅಂದಿನಿಂದ ಇಂದಿನವರೆಗೆ ಆ ಹೆಂಗಸರ ಕೈಯ ಕ್ಯಾರಿಯರ್‌ಗಳು ಖಾಲಿ ಹೋಗಿಲ್ಲ. ಸರದಿಯ ಮೇಲೆ ಒಬ್ಬೊಬ್ಬರು ಅಡಿಗೆ ಮಾಡುತ್ತಾರೆ, ಎಲ್ಲರೂ ನಡೆದು ಹಂಚುತ್ತಾರೆ. ಹಾಸಿಗೆ ಹಿಡಿದವರ, ಒಂಟಿಯಾದವರ ಮನೆಗಳಿಗೆ. ನಡೆಯುವುದು ಆರೋಗ್ಯಕ್ಕೆಂದು ಅವರಲ್ಲಿ ಯಾರೂ ಈಗ ಹೇಳುವುದಿಲ್ಲ. ಊಟ ಕೊಡಲು ಹೋಗುತ್ತಿದ್ದೇವೆ ಎನ್ನುತ್ತಾರೆ, ಹೊರಟುಬಿಡುತ್ತಾರೆ. ಮಳೆ ಬಂದರೂ ತಪ್ಪಿಸುವುದಿಲ್ಲ, ಏಕೆಂದರೆ ಆ ಕಡೆ ಒಬ್ಬರು ತಟ್ಟೆ ತೊಳೆದಿಟ್ಟು ಕಾಯುತ್ತಿರುತ್ತಾರೆ. ಧ್ವನಿವರ್ಧಕ, ಬಣ್ಣದ ಅಂಗಿ, ಬಹುಮಾನಗಳಿಂದ ಇಲಾಖೆ ಮಾಡಲಾಗದ್ದು ಇಷ್ಟರಿಂದ ಆಯಿತು.

ಇಲ್ಲಿ ನನ್ನ ಮನೆಯ ಋಣವೊಂದನ್ನೂ ಹೇಳಬೇಕು. ನನ್ನ ತಾಯಿಗೆ ಎಡಭಾಗ ಬಿದ್ದುಹೋಗಿ ಸ್ವಲ್ಪ ಚೇತರಿಸಿಕೊಂಡಾಗ ನಾವು ಅಕ್ಕತಂಗಿಯರು ಸರದಿಯ ಮೇಲೆ ಸೇವೆಗೆ ನಿಂತೆವು. ನೀರು ಬಾಯಿಗೆ, ಬಾಚಣಿಗೆ ತಲೆಗೆ, ಚಪ್ಪಲಿ ಕಾಲಿಗೆ. ಅಮ್ಮ ಕೈ ಎತ್ತುವುದರೊಳಗೆ ನಾವು ಎತ್ತುತ್ತಿದ್ದೆವು. ಊರು ಹೊಗಳಿತು, ಹೆಣ್ಣುಮಕ್ಕಳಿದ್ದರೆ ಹೀಗಿರಬೇಕು ಎಂದು. ಬು ವುರ್ ಒಂದು ಸಂಜೆ ಬಂದು, ಒಂದು ಗಳಿಗೆ ನೋಡಿ, ನನ್ನ ಕೈಯಿಂದ ಲೋಟ ಕಸಿದು ಅಡಿಗೆಮನೆಯಲ್ಲಿ ಇಟ್ಟುಬಂದರು. "ನಿಮ್ಮಮ್ಮಂಗೆ ಬಾಯಾರಿದ್ರೆ ಎದ್ದು ಹೋಗ್ತಾರೆ. ಸೇವೆ ಮಾಡಿ ಮಾಡಿ ಕೊಲ್ಬೇಡಿ ಅವರನ್ನ" ಎಂದರು. ನನಗೆ ಬಂದ ಕೋಪ ಇಷ್ಟಿಷ್ಟಲ್ಲ. ಅಮ್ಮ ಗೋಡೆ ಹಿಡಿದು, ಬೈದುಕೊಳ್ಳುತ್ತ, ಅಡಿಗೆಮನೆಗೆ ಹೋಗಿ ನೀರು ಕುಡಿದು ಬರುವ ತನಕ ಬು ವುರ್ ಬಾಗಿಲಲ್ಲಿ ನಿಂತಿದ್ದರು. ಬೀಳುವ ಹಾಗಾದರೆ ಹಿಡಿಯಲು ಎರಡೂ ಕೈ ಚಾಚಿಕೊಂಡೇ ಇದ್ದರು. ಆಮೇಲೆ ಬಹುದಿನ ಪ್ರತಿ ಸಂಜೆ ಬಂದರು. ಅಮ್ಮ ಕೊನೆಯವರೆಗೂ ತನ್ನ ಲೋಟ ತಾನೇ ತೊಳೆದಿಟ್ಟರು.

ಇಂಥವರ ದಾರಿಗೆ ನಾವು ಮಾಡಿದ್ದೇನು? ಕಾಲುವೆ ದುರಸ್ತಿಯಾದಾಗ ಏರಿಯ ಮೇಲೆ ಕಾಂಕ್ರೀಟು ಬಿತ್ತು. ಮನೆಗಳ ಸಾಲು ದಾಟಿದರೆ ಒಂದು ಪಕ್ಕ ನೀರು, ಒಂದು ಪಕ್ಕ ಗದ್ದೆ, ನಡುವೆ ಇಬ್ಬರು ಹೆಂಗಸರು ಜೊತೆಯಾಗಿ ನಡೆಯುವಷ್ಟು ಅಗಲ. ನುಣ್ಣಗಾದದ್ದೇ ತಡ, ಸಂತೆಗೂ ಆರೋಗ್ಯ ಕೇಂದ್ರಕ್ಕೂ ಒಳದಾರಿಯಾಯಿತೆಂದು ಬೈಕುಗಳು ನುಗ್ಗಿದವು. ಒಂದು ಬೆಳಿಗ್ಗೆ ಹಾರನ್ನಿಗೆ ಬೆದರಿದ ಸಾರಿಂತೆನ್ ಅಜ್ಜಿಯ ಕ್ಯಾರಿಯರ್ ಕಾಲುವೆಗೆ ಬಿತ್ತು, ಅಜ್ಜಿ ಗದ್ದೆಯ ಕೆಸರಿಗೆ ಬಿದ್ದರು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಬೈಕಿನವನು ತಿರುಗಿಯೂ ನೋಡಲಿಲ್ಲ. ಅಂದು ಸಂಜೆಯೇ ಬು ವುರ್ ಮತ್ತು ಪಾಕ್ ಮುಜಿಯೊ ದಾರಿಯ ಎರಡು ತುದಿಗೂ ಅಡ್ಡ ಬಿದಿರು ಕಟ್ಟಿದರು. ಯಾರೋ ಬಿಚ್ಚಿದರು, ಇವರು ಮತ್ತೆ ಕಟ್ಟಿದರು. ಬಿಚ್ಚುವವರು ಊರಲ್ಲಿ ಬಹಳ, ಕಟ್ಟುವವರು ಇಬ್ಬರೇ. ಗಟ್ಟಿಯಾದ ಕಂಬ ಹಾಕಿಸಿಕೊಡಿ ಎಂದು ಗ್ರಾಮದ ಮುಖ್ಯಸ್ಥರಾದ ಪಾಕ್ ಹಾರ್ಸೊಯೊ ಅವರನ್ನು ವರ್ಷವರ್ಷವೂ ಕೇಳಿದರು. ಅವರು ವರ್ಷವರ್ಷವೂ ನಗುನಗುತ್ತ ಆಗಲಿ ಎಂದರು. ನಮ್ಮಲ್ಲಿ ಇಲ್ಲವೆನ್ನುವವರು ಯಾರೂ ಇಲ್ಲ, ಮಾಡುವವರೂ ಇಲ್ಲ.

ಕೊನೆಗೆ ನಿವೃತ್ತಿಯ ದಿನ ಹತ್ತಿರವಾಯಿತು. ಗ್ರಾಮದ ಸಭಾಭವನದಲ್ಲಿ ಸಭೆ ಸೇರಿತು. ಪಾಕ್ ಹಾರ್ಸೊಯೊ ಎದ್ದು ಭಾವುಕರಾಗಿ ಮಾತಾಡಿದರು. ಬು ವುರ್ ಊರಿಗೆ ನಡೆಯುವುದನ್ನು ಕಲಿಸಿದ ಮಹಾತಾಯಿ, ಆದ್ದರಿಂದ ಅವರ ಹೆಸರಿನಲ್ಲಿ ಕಾಲುವೆ ದಾರಿಯನ್ನು ವಾಹನಗಳಿಗೆ ತೆರೆಯುತ್ತೇವೆ, ಇನ್ನು ಮೇಲೆ ಸಂತೆಯಿಂದ ಆರೋಗ್ಯ ಕೇಂದ್ರಕ್ಕೆ ಚಿಟಿಕೆ ಹೊಡೆಯುವುದರಲ್ಲಿ ಬರಬಹುದು, ಹೆಸರಿನ ಫಲಕಗಳೂ ತಯಾರಾಗಿವೆ, ತಾಲ್ಲೂಕಿನ ಅಧಿಕಾರಿಗಳು ಬಂದು ಉದ್ಘಾಟಿಸಲಿದ್ದಾರೆ ಎಂದರು. ಗೋಡೆಗೆ ಒರಗಿಸಿಟ್ಟಿದ್ದ ಎರಡು ಫಲಕಗಳ ಮೇಲಿನ ಬಟ್ಟೆ ತೆಗೆದರು. ಹಸಿರು ಬಣ್ಣ, ಬಿಳಿ ಅಕ್ಷರ, ಒಂದೊಂದಕ್ಕೂ ದಪ್ಪನೆಯ ಕಬ್ಬಿಣದ ಕಂಬ. ಸಭೆ ಚಪ್ಪಾಳೆ ತಟ್ಟಿತು. ಹೇಳಲು ನಾಚಿಕೆಯಾಗುತ್ತದೆ, ಆರೋಗ್ಯ ಕೇಂದ್ರದವರ ಸಾಲಿನಿಂದಲೂ ಚಪ್ಪಾಳೆ ಬಂತು.

ಇಷ್ಟು ವರ್ಷ ಬು ವುರ್ ಸಭೆಯಲ್ಲಿ ಯಾರಿಗೂ ಎದುರಾಡಿದವರಲ್ಲ. ಸನ್ಮಾನವನ್ನು ಬೇಡವೆನ್ನುವುದು ನಮ್ಮಲ್ಲಿ ಮುಖಕ್ಕೆ ಹೊಡೆದಂತೆ. ಆದರೆ ಬಿದಿರು ಕಟ್ಟುವವರು ಇಬ್ಬರೇ, ಅವರಿಗೂ ವಯಸ್ಸಾಯಿತು. ಇಂದು ಸುಮ್ಮನಿದ್ದರೆ ನಾಳೆ ಬೆಳಿಗ್ಗೆ ಆ ಹೆಂಗಸರು ನಡೆಯಲು ದಾರಿಯಿಲ್ಲ, ಆ ಕಡೆ ತಟ್ಟೆ ತೊಳೆದಿಟ್ಟವರಿಗೆ ಊಟವಿಲ್ಲ. ಅವರು ಎದ್ದರು.

"ಆಸ್ಪತ್ರೆಗೆ ಹೋಗೋ ದಾರಿ ಹತ್ತಿರ ಮಾಡ್ತಿದ್ದೀರಿ ಪಾಕ್ ಲುರಾ, ಸಂತೋಷ. ಆಸ್ಪತ್ರೆಗೆ ಹೋಗದೆ ಇರೋ ದಾರಿ ಒಂದಿತ್ತು, ಅದನ್ನ ಮುಚ್ತಿದ್ದೀರಿ. ನನ್ನ ಹೆಸರಿನ ಮೇಲೆ ಬೈಕ್ ಓಡಿಸ್ಬೇಡಿ."

ಪಾಕ್ ಲುರಾ, ಅಂದರೆ ನಮ್ಮ ಮುಖ್ಯಸ್ಥರು, ಅದೇ ನಗುವನ್ನು ಹೇಗೋ ಹಿಡಿದಿಟ್ಟುಕೊಂಡು, ಅಧಿಕಾರಿಗಳನ್ನು ಕರೆದಾಗಿದೆ, ಫಲಕ ಮಾಡಿಸಿಯಾಗಿದೆ, ಈಗ ಹಿಂದೆ ಸರಿದರೆ ಊರಿನ ಮಾನ ಹೋಗುತ್ತದೆ ಎಂದು ತೊದಲಿದರು. ಆಗ ಹಿಂದಿನ ಚಾಪೆಯಿಂದ ಸಾರಿಂತೆನ್ ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದು, ಕ್ಯಾರಿಯರ್ ಹಿಡಿದುಕೊಂಡೇ ಮುಂದೆ ಬಂದರು. ಅವರಿಗೆ ಬೈಕು ಬಂದ ವರ್ಷ ಆ 'ಆರೋಗ್ಯ ನಡಿಗೆ'ಯನ್ನು ಏರ್ಪಡಿಸಿದವರು, ಆಗಿನ್ನೂ ಯುವಕ ಸಂಘದಲ್ಲಿದ್ದ ಇದೇ ಪಾಕ್ ಹಾರ್ಸೊಯೊ.

"ಹಾರ್ಸೊಯೊ, ನಾನು ನಡೆದಿದ್ದಕ್ಕೆ ನೀನು ಬೈಕ್ ಕೊಟ್ಟೆ, ನನ್ನ ನಡಿಗೆ ಕಿತ್ಕೊಂಡೆ. ಬೈಕ್ ಹೊರಗಡೆ ನಿಂತಿದೆ, ಅಳಿಯ ತಂದಿದ್ದಾನೆ. ಅದನ್ನ ವಾಪಸ್ ತಗೋ. ದಾರಿ ಬಿಡು."

ಮುಖ್ಯಸ್ಥರನ್ನು ಏಕವಚನದಲ್ಲಿ ಕರೆಯುವ ವಯಸ್ಸು ಆ ಸಭೆಯಲ್ಲಿ ಅಜ್ಜಿಗೊಬ್ಬರಿಗೇ ಇತ್ತು. ಪಾಕ್ ಹಾರ್ಸೊಯೊ ತಲೆ ಬಗ್ಗಿಸಿದರು. ಅವರ ಮಾನವನ್ನೂ ಉಳಿಸಿಕೊಟ್ಟವರು ಮತ್ತೆ ಬು ವುರ್ ಅವರೇ. ಅವರು ಗೋಡೆಯ ಹತ್ತಿರ ಹೋಗಿ ಫಲಕದ ಕಂಬವನ್ನು ಕೈಯಿಂದ ಅಲುಗಿಸಿ ನೋಡಿದರು, ಗಟ್ಟಿಯಾಗಿತ್ತು. ಉದ್ಘಾಟನೆ ನಡೆಯಲಿ, ಹೆಸರೂ ಇರಲಿ, ಅಧಿಕಾರಿಗಳೂ ಬರಲಿ. ಈ ಕಂಬಗಳನ್ನು ಮಾತ್ರ ದಾರಿಯ ಪಕ್ಕದಲ್ಲಿ ನೆಡಬೇಡಿ, ತುದಿಗೊಂದರಂತೆ ಸರಿಯಾಗಿ ನಡುವೆ ನೆಡಿ ಎಂದರು. ವರ್ಷಗಟ್ಟಲೆ ಕೇಳಿದ್ದ ಕಂಬ ಅದು. ಪಾಕ್ ಹಾರ್ಸೊಯೊ ಆಗಲಿ ಎಂದರು. ಈ ಸಲ ಅಜ್ಜಿ ಅವರ ಮುಂದೆಯೇ ನಿಂತಿದ್ದರಿಂದ, ಮರುದಿನವೇ ಗುದ್ದಲಿ ಬಂತು.

ಈಗ ಆ ಎರಡು ಫಲಕಗಳು ಕಾಲುವೆ ದಾರಿಯ ಎರಡು ತುದಿಗಳಲ್ಲಿ, ನಟ್ಟನಡುವೆ, ಸಿಮೆಂಟಿನಲ್ಲಿ ಹೂತು ನಿಂತಿವೆ. ಕಂಬದ ಎರಡೂ ಪಕ್ಕ ಕ್ಯಾರಿಯರ್ ಹಿಡಿದ ಹೆಂಗಸೊಬ್ಬಳು ಸಲೀಸಾಗಿ ದಾಟುತ್ತಾಳೆ. ಬೈಕಿನ ಹ್ಯಾಂಡಲ್ ದಾಟುವುದಿಲ್ಲ. ಬೈಕಿನಲ್ಲಿ ಬಂದವರು ಆ ಹೆಸರನ್ನು ಓದಿ, ಗೊಣಗಿ, ಹಿಂದಿರುಗುತ್ತಾರೆ. ಗೊಣಗಲಿ. ನಮ್ಮ ಊರಿನ ಸನ್ಮಾನಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಇದೊಂದೇ ಎಂದು ಬರೆದಿಡಲು ನನಗೆ ಯಾವ ಸಂಕೋಚವೂ ಇಲ್ಲ.

ಬು ವುರ್ ಅವರಿಗೆ ದೇವರು ದೀರ್ಘಾಯುಷ್ಯವನ್ನು ಕೊಡಲಿ, ಆ ಆಯುಷ್ಯವನ್ನು ಹೊತ್ತು ತಿರುಗುವ ಕಾಲುಗಳನ್ನೂ ಕೊಡಲಿ. ಅವರ ಕೆಲಸಕ್ಕೆ ನಿವೃತ್ತಿಯಿಲ್ಲ. ಕ್ಯಾರಿಯರ್ ಸರದಿಯಲ್ಲಿ ಮುಂದಿನ ವಾರದ ಅಡಿಗೆ ಅವರದೇ. ಇನ್ನು ಅಭಿನಂದನ ಸಮಿತಿಯವರಲ್ಲಿ ಒಂದು ಕೊನೆಯ ಮಾತು. ಸಮಾರಂಭ ಮುಗಿದ ಮೇಲೆ ಅವರನ್ನು ಹೂವಿನಿಂದ ಸಿಂಗರಿಸಿದ ಕಾರಿನಲ್ಲಿ ಕೂರಿಸಿ, ಹಿಂದೆ ಮುಂದೆ ಬೈಕುಗಳ ಮೆರವಣಿಗೆ ಮಾಡಿ ಮನೆ ಮುಟ್ಟಿಸುವ ಏರ್ಪಾಡು ನಡೆದಿದೆ ಎಂದು ಕೇಳಿದೆ. ದಯವಿಟ್ಟು ಬೇಡ. ಅಂದು ಸಂಜೆ ಅವರು ಸಭಾಭವನದ ಮೆಟ್ಟಿಲಿಳಿದು ಕಾಲುವೆಯ ಕಡೆ ಹೊರಟಾಗ ಯಾರೂ ಗಾಡಿ ನಿಲ್ಲಿಸಬೇಡಿ, ಯಾರೂ ಜಗಲಿಗೆ ಕರೆಯಬೇಡಿ. ಅವರನ್ನು ನಡೆಯಲು ಬಿಡಿ.